ಅಪಾರ್ಟ್‌ಮೆಂಟಿಗೆ ಬೋರ್ಡ್ ಬರೆಸೋ ಮುಂಚೆ

ನಾನು ಮೈಸೂರಲ್ಲಿ ಬೋರ್ಡ್ ಬರೆಯೋನು. ಮೊದಲು ಬ್ರಷ್ಷು, ಎನಾಮಲ್ ಪೇಂಟು. ಈಗ ಸನ್‌ಬೋರ್ಡ್ ಅನ್ನೋ ಹಗುರ ಫೋಮ್ ಹಲಗೆ ಮೇಲೆ ವಿನೈಲ್ ಸ್ಟಿಕರು. ಈಚೆಗೆ ಬೋಗಾದಿ, ರಿಂಗ್ ರೋಡ್ ಕಡೆಯ ಅಪಾರ್ಟ್‌ಮೆಂಟುಗಳ ಕೆಲಸವೇ ಜಾಸ್ತಿ. ಕಮಿಟಿಯವರು ವಾಟ್ಸಾಪಲ್ಲಿ ಮ್ಯಾಟರ್ ಕಳಿಸಿ "ನಾಳೆಗೆ ಬೇಕು" ಅಂತಾರೆ. ಅಷ್ಟು ಅವಸರ ಬೇಡ.

ಮೊದಲು ಗೇಟಿಂದ ಟೆರೇಸ್‌ವರೆಗೆ ಒಂದು ಸುತ್ತು ಹಾಕಿ, ಈಗಿರೋ ಬೋರ್ಡುಗಳನ್ನ ಓದಿಕೊಂಡು ಬನ್ನಿ. ಯಾವುದು ಇಂಗ್ಲಿಷಲ್ಲಿ ಮಾತ್ರ ಇದೆ, ಯಾವುದು ಕನ್ನಡದಲ್ಲಿ ಮಾತ್ರ ಇದೆ ಅಂತ ಬರೆದುಕೊಳ್ಳಿ. ಜಿಮ್ಮು, ಈಜುಕೊಳ, ಕ್ಲಬ್ ಹೌಸು ಎಲ್ಲ ಇಂಗ್ಲಿಷು, ಜೊತೆಗೊಂದು "ಪ್ಲೀಸ್". ಕನ್ನಡ ಕಾಣೋದು "ಇಲ್ಲಿ ಉಗುಳಬಾರದು", "ಈ ಲಿಫ್ಟ್ ಬಳಸಕೂಡದು" ಅನ್ನೋ ಕಡೆ. ಅಂಗಡಿ, ಕಂಪನಿಗಳ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಾಯಿತು. ಅದನ್ನ ಕೇಳಿ ಗೇಟಿನ ಹೆಸರನ್ನ ದೊಡ್ಡದಾಗಿ ಕನ್ನಡದಲ್ಲಿ ಬರೆಸಿದವರಿದ್ದಾರೆ. ಒಳಗೆ ಹೋದರೆ ಅದೇ ಹಳೇ ಕಥೆ.

ಒಂದು ಸಲ ಹನ್ನೊಂದು ಮಹಡಿಯ ಕಟ್ಟಡದಲ್ಲಿ ಏಣಿ ಹತ್ತಿ ಲಿಫ್ಟ್ ಪಕ್ಕ ಬೋರ್ಡ್ ಕೂರಿಸ್ತಿದ್ದೆ. ಇಲವಾಲದಿಂದ ಕೆಲಸಕ್ಕೆ ಬರೋ ಹೆಂಗಸು ಕೆಳಗೆ ನಿಂತಿದ್ದಳು. ಇನ್ನೂ ಅರ್ಧ ಅಕ್ಷರ ನನ್ನ ಕೈ ಕೆಳಗೇ ಇತ್ತು. "ಇದು ನಮ್ಗೇ ಅಲ್ವಾ ಅಣ್ಣ?" ಅಂದಳು. ಓದದೇ ಹೇಗೆ ಗೊತ್ತಾಯ್ತು ಅಂದೆ. "ಕನ್ನಡ್ದಲ್ಲಿ ಐತಲ್ಲ." ಆವತ್ತು ನನ್ನ ಕೂಲಿ ಇಸ್ಕೊಂಡು ಬಂದೆ, ಸುಳ್ಳು ಯಾಕೆ. ಆದರೆ ಅಂಥ ಮ್ಯಾಟರ್ ಬಂದರೆ ಈಗ ಒಂದು ಮಾತು ಕೇಳ್ತೀನಿ: ಇದೇ ನಿಯಮ ಫ್ಲ್ಯಾಟಿನವರಿಗೂ ಇದೆಯಾ? ಇದ್ದರೆ ಎರಡೂ ಭಾಷೆಲಿ, ಒಂದೇ ಬೋರ್ಡಲ್ಲಿ ಹಾಕಿ. ಇಲ್ಲದಿದ್ದರೆ ಬೋರ್ಡ್ ಬರೆಸೋ ಮೊದಲು ಮೀಟಿಂಗ್ ಮಾಡಿ.

ಇನ್ನು ಕ್ರಿಯಾಪದ. ಕನ್ನಡದಲ್ಲಿ ಮರ್ಯಾದೆ ಇರೋದು ಅಲ್ಲೇ. "ಕೂಡದು" ತೆಗೆದು "ಬೇಡಿ" ಹಾಕಿ. "ಕೆಲಸದವರು", "ಡ್ರೈವರುಗಳು" ಅಂತ ಜನರನ್ನ ಹೆಸರಿಸೋದು ಬಿಟ್ಟು ಸಾಮಾನನ್ನ ಹೆಸರಿಸಿ: "ಸಿಲಿಂಡರ್, ಕಸ, ಭಾರದ ಸಾಮಾನು ಈ ಲಿಫ್ಟಲ್ಲಿ ತನ್ನಿ." ಆಗ ಸೋಫಾ ತರೋ ಓನರೂ ಅದರಲ್ಲೇ ಬರಬೇಕಾಗುತ್ತೆ.

ಮೊಬೈಲಲ್ಲಿ ಅನುವಾದ ಮಾಡಿ ಕಳಿಸಬೇಡಿ. "ತೇವ ತ್ಯಾಜ್ಯ" ಅಂದರೆ ಯಾರಿಗೆ ಗೊತ್ತು? ಹಸಿ ಕಸ, ಒಣ ಕಸ ಅನ್ನಿ. ಲಿಫ್ಟು ಲಿಫ್ಟೇ ಇರಲಿ. ಮನೆ ನಂಬರು, ಮಹಡಿ ನಂಬರು 1, 2, 3 ಅಂತಲೇ ಹಾಕಿ. ಪಾರ್ಸೆಲ್ ತರೋ ಹುಡುಗ ಬಿಹಾರದವನೂ ಇರಬಹುದು. ಬೆಂಕಿಯ ಬೋರ್ಡಿಗಂತೂ ಕನ್ನಡ, ಇಂಗ್ಲಿಷ್, ಹಿಂದಿ ಮೂರೂ ಬೇಕು, ಜೊತೆಗೆ ಮೆಟ್ಟಿಲಿನ ಚಿತ್ರ: "ಬೆಂಕಿ ಬಿದ್ದರೆ ಲಿಫ್ಟ್ ಬೇಡ, ಮೆಟ್ಟಿಲಲ್ಲಿ ಇಳಿಯಿರಿ. 101 ಅಥವಾ 112."

ಅಳತೆಗೆ ನಮ್ಮ ಕಸುಬಿನ ಲೆಕ್ಕ: ಹತ್ತಡಿ ದೂರಕ್ಕೆ ಒಂದಿಂಚಿನ ಅಕ್ಷರ. ಒತ್ತಕ್ಷರ ಕೆಳಗಿಳಿಯೋದರಿಂದ ಕನ್ನಡದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಗ ಜಾಸ್ತಿ ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತೆ. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು ಪ್ರಿಂಟ್ ಅಂಗಡಿಯ ಕಂಪ್ಯೂಟರಲ್ಲಿ ಕಲಸುಮೇಲೋಗರ ಆಗೋದುಂಟು, ಪಿಡಿಎಫ್ ಕಳಿಸಿ.

ಪ್ರೂಫ್ ಬಂದ ಮೇಲೆ ಸೆಕ್ರೆಟರಿಗಿಂತ ಮೊದಲು ಸೆಕ್ಯೂರಿಟಿಯವರ ಕೈಲಿ ಜೋರಾಗಿ ಓದಿಸಿ. ಅವರು ಎಲ್ಲಿ ತಡವರಿಸ್ತಾರೋ ಅಲ್ಲಿ ಪದ ಬದಲಾಯಿಸಿ.

ಹಳೇ ಬೋರ್ಡ್ ಮೇಲೇ ಹೊಸದು ಅಂಟಿಸಬೇಡಿ, ಅಂಚು ಎದ್ದರೆ ಕೆಳಗಿನ "ಕೂಡದು" ಮತ್ತೆ ಇಣುಕುತ್ತೆ. ಹೇರ್ ಡ್ರೈಯರ್ ಬಿಸಿ ಹಿಡಿದರೆ ವಿನೈಲ್ ಸಲೀಸಾಗಿ ಬಿಡುತ್ತೆ. ಅಂಟು ಉಳಿದರೆ ಸೀಮೆಎಣ್ಣೆ ಬಟ್ಟೆಲಿ ಒರೆಸಿ, ಎಣ್ಣೆ ಜಿಡ್ಡು ಹೋಗೋ ಹಾಗೆ ಸೋಪು ನೀರಲ್ಲಿ ತೊಳೆದು, ಒಣಗಿದ ಮೇಲೆ ಹೊಸದು ಕೂರಿಸಿ.