ಆಂಪ್‌ಗೆ ಹಾಕದೆ ತಗೊಂಡ ಆರೂವರೆ ಸಾವಿರದ ಗಿಟಾರ್

"ಗುರು, ಆಂಪ್‌ಗೆ ಹಾಕ್ದೇನೆ ಎಲೆಕ್ಟ್ರಿಕ್ ಗಿಟಾರ್ ತಗೊಂಡ್ಯಾ? ಟಿವಿ ಆನ್ ಮಾಡ್ದೆ ಟಿವಿ ತಗೊಂಡಂಗಾಯ್ತು!"

ತುಮಕೂರಿನ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ನಮ್ಮ ಆರ್ಕೆಸ್ಟ್ರಾದ ಕೀಬೋರ್ಡಿನವನು ಹೀಗೆ ನಕ್ಕಿದ್ದ. ಆಂಪ್ ಅಂದ್ರೆ ಗಿಟಾರ್ ಸದ್ದು ದೊಡ್ಡದು ಮಾಡೋ ಪೆಟ್ಟಿಗೆ. ಈ ಗಣೇಶನ ಹಬ್ಬದಲ್ಲಿ ಅದೇ ಗಿಟಾರ್ ಹಿಡಿದು ಹನ್ನೊಂದು ಪ್ರೋಗ್ರಾಂ ಮುಗಿಸಿದ್ದೇನೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಮೊದಲು ನನ್ನ ದಡ್ಡತನ. ನಾಲ್ಕು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಐದು ಸಾವಿರಕ್ಕೆ ಗಿಟಾರ್, ಬ್ಯಾಗು, ಪುಟ್ಟ ಆಂಪ್ ಎಲ್ಲಾ ಸೇರಿ ತರಿಸಿದೆ. ನೋಡೋಕೆ ಫಳಫಳ. ಫ್ರೆಟ್ (ತಂತಿ ಒತ್ತೋ ಕಡೆ ಅಡ್ಡ ಕೂರಿಸಿದ ಲೋಹದ ಪಟ್ಟಿ) ತುದಿಗಳು ಮಾತ್ರ ಗರಗಸ, ನೆಕ್ ಅಂದ್ರೆ ಗಿಟಾರಿನ ಉದ್ದನೆ ಕೈ ಕರಿದ ಹಪ್ಪಳದ ಹಾಗೆ ತಿರುಚಿಕೊಂಡಿತ್ತು. ನೆಕ್ ಒಳಗಿನ ಟ್ರಸ್ ರಾಡ್ ಅನ್ನೋ ಸರಳು ಬಾಗಿದ್ದನ್ನು ಸರಿಮಾಡುತ್ತೆ, ತಿರುಚಿದ್ದನ್ನಲ್ಲ. 1,200ಕ್ಕೆ ಕೊಟ್ಟೆ. ಎರಡನೆಯದು ಬೆಂಗಳೂರಿನ ಒಂದು ಅಂಗಡಿಯದು, ಸೆಕೆಂಡ್ ಹ್ಯಾಂಡ್, ಒಂಬತ್ತು ಸಾವಿರ. ಅವರ ದೊಡ್ಡ ಆಂಪ್‌ನಲ್ಲಿ ಡಿಸ್ಟಾರ್ಷನ್ (ಸದ್ದನ್ನು ಒರಟು ಮಾಡಿ ಎಳೆಯೋ ಎಫೆಕ್ಟ್) ಹಾಕಿ ಕೇಳಿಸಿದಾಗ ಮೈ ಜುಂ ಅಂದಿತ್ತು. ಮನೆಯ ಹತ್ತು ವಾಟಿನದಕ್ಕೆ ಹಾಕಿದರೆ 12ನೇ ಫ್ರೆಟ್ ದಾಟಿದ ಸ್ವರಗಳೆಲ್ಲ ಹುಟ್ಟಿದ ತಕ್ಷಣ ಸಾಯುತ್ತಿದ್ದವು. ಅದನ್ನೂ ನಷ್ಟಕ್ಕೇ ಮಾರಿದೆ. ಎರಡೂ ಗಿಟಾರ್ ಸೇರಿ ಏಳು ಸಾವಿರದ ಹತ್ತಿರ ಹೋಯ್ತು. ಹೊಳೇಲಿ ಹುಣಸೆಹಣ್ಣು ತೊಳೆದಂಗೆ.

ಮೂರನೆಯದು ಶೆಟ್ಟಿಹಳ್ಳಿ ಕಡೆ, ಓದು ಮುಗಿಸಿ ರೂಮ್ ಖಾಲಿ ಮಾಡುತ್ತಿದ್ದ ಹುಡುಗನದು. ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್) ಮಾದರಿ. ನೆಕ್ ತುದಿಯ ಹೆಡ್‌ಸ್ಟಾಕ್ ಮೇಲಿನ ಹೆಸರು ಅಳಿಸಿಹೋಗಿತ್ತು, ಬಾಡಿ ತುಂಬಾ ಸ್ಟಿಕ್ಕರ್. ಪ್ಲಗ್ ಹಾಕಿದರೆ ಸದ್ದೇ ಇಲ್ಲ. ಬಂದವರೆಲ್ಲ ಹಾಗೇ ವಾಪಸ್ ಹೋಗಿದ್ದರು.

ನಾನು ಮುಕ್ಕಾಲು ಗಂಟೆ ಕೂತೆ. ಬಡಗಿ ರೀಪರ್ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೆಕ್ ನೋಡಿದೆ. ಆರನೇ (ಎಲ್ಲಕ್ಕಿಂತ ದಪ್ಪ) ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ನಲ್ಲಿ ಒತ್ತಿದೆ. ನಡುವೆ, 7-8ನೇ ಫ್ರೆಟ್ ಹತ್ತಿರ, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಜಾಗ. ಸಾಕು. ಆಮೇಲೆ ಬಾಡಿಯ ಮೇಲಿನ ಕೊಂಬಿಗೆ ಕಿವಿ ಒತ್ತಿಟ್ಟು ಆರೂ ತಂತಿ, 22 ಫ್ರೆಟ್, ಒಂದೂ ಬಿಡದೆ ನುಡಿಸಿದೆ. ಒಂದೇ ಒಂದು ಕಡೆ ಝರ್ ಅಂತು. 12ನೇ ಫ್ರೆಟ್‌ನ ಹಾರ್ಮೋನಿಕ್‌ಗೂ (ತಂತಿ ಒತ್ತದೆ ಬರೀ ಮುಟ್ಟಿ ಮೀಟಿದ ಸ್ವರ) ಒತ್ತಿದ ಸ್ವರಕ್ಕೂ ಟ್ಯೂನರ್‌ನಲ್ಲಿ ಸ್ವಲ್ಪ ವ್ಯತ್ಯಾಸ ಇತ್ತು, ಆದರೆ ಸ್ಯಾಡಲ್ (ಬಾಡಿ ಕಡೆ ಬ್ರಿಡ್ಜ್ ಮೇಲೆ ತಂತಿ ಕೂರೋ ತುಂಡು) ಸರಿಸೋಕೆ ಜಾಗವೂ ಇತ್ತು. ಮೂರನೇ ತಂತಿಯನ್ನು ನಾಲ್ಕು ಸಲ ಜಗ್ಗಿದರೂ ತಂತಿ ಬಿಗಿ ಮಾಡೋ ಕೀಲಿ ಜಾರಲಿಲ್ಲ.

ಕೊನೆಗೆ ಪ್ಲಗ್ ಹಾಕೋ ಜ್ಯಾಕ್ ಪ್ಲೇಟ್‌ನ ಎರಡು ಸ್ಕ್ರೂ ಬಿಚ್ಚಿ, ವಾಲ್ಯೂಮ್ ಪೂರ್ತಿ ತಿರುಗಿಸಿ, ಒಳಗಿನ ವೈರ್‌ಗೆ ಮಲ್ಟಿಮೀಟರ್ ಇಟ್ಟೆ. ತಂತಿಯ ಕಂಪನ ಹಿಡಿಯೋ ಪಿಕಪ್‌ಗಳ ಸ್ವಿಚ್ ಬದಲಿಸುತ್ತಾ ಹೋದೆ. ಒಂಟಿ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಎರಡೂ ಆರು ಕಿಲೋ ಓಮ್ ಆಸುಪಾಸು, ಬ್ರಿಡ್ಜ್ ಹತ್ತಿರದ ಜೋಡಿ ಸುರುಳಿಯ ಹಂಬಕರ್ ಎಂಟು. ಕಾಯಿಲ್ ಜೀವಂತ! ಉಳಿದಿದ್ದು ಬರೀ ಸೋಲ್ಡರ್ ಕೆಲಸ. ಎಂಟು ಸಾವಿರ ಹೇಳಿದ್ದ, ಆರೂವರೆಗೆ ಒಪ್ಪಿದ. ಪಾಪ, ನಾನು ಮಿಕ್ಸಿ ರಿಪೇರಿಯವನು ಅಂದುಕೊಂಡಿದ್ದನೋ ಏನೋ.

ಹೊಸ ಜ್ಯಾಕ್ ತೊಂಬತ್ತು, ವಾಲ್ಯೂಮ್ ತಿರುಗಿಸೋ ಪಾಟ್ ನೂರೈವತ್ತು, ತೆಳು 9-42 ತಂತಿ ಸೆಟ್ ನಾನೂರೈವತ್ತು. ಎಲ್ಲಾ ಸೇರಿ ಏಳು ಸಾವಿರದ ನೂರಾ ತೊಂಬತ್ತು. ಗ್ರಾನೈಟ್ ಅಂಗಡಿಯವರು ಬಿಸಾಕಿದ್ದ ಪಟ್ಟಿಗೆ ಮರಳು ಕಾಗದ ಅಂಟಿಸಿ ಫ್ರೆಟ್ ಸಮ ಮಾಡಿದೆ. ಆರನೇ ತಂತಿಯ ಆ್ಯಕ್ಷನ್ (ಫ್ರೆಟ್‌ನಿಂದ ತಂತಿಗಿರೋ ಎತ್ತರ) ಈಗ 12ನೇ ಫ್ರೆಟ್‌ನಲ್ಲಿ ಎರಡು ಮಿಲಿಮೀಟರ್‌ಗೂ ಕಡಿಮೆ. ನೆಕ್ ತುದಿಯಲ್ಲಿ ತಂತಿ ಕೂರೋ ನಟ್‌ನ ಕಚ್ಚುಗಳನ್ನು ಯಾವುದರಿಂದ ಉಜ್ಜಿದೆ ಅನ್ನೋದನ್ನು ಮಾತ್ರ ಕೇಳಬೇಡಿ, ಅದು ನನ್ನ ಗುಟ್ಟು.

ತೆಂಗಿನ ಸೀಮೆಯವನಲ್ವಾ, ಸುಮ್ನೆ ಇರೋಕಾಗಲಿಲ್ಲ. ಫ್ರೆಟ್‌ಬೋರ್ಡಿಗೆ ಕೊಬ್ಬರಿ ಎಣ್ಣೆ ಹಚ್ಚಿದೆ. ಸ್ವಲ್ಪ ದಿನಕ್ಕೇ ಕಮಟು ವಾಸನೆ, ಧೂಳೆಲ್ಲ ಅಂಟಿ ಗಲೀಜು. ಹಚ್ಚಬೇಡಿ. ಆದರೆ ಚಿಪ್ಪನ್ನು ಅರ ಹಾಕಿ ಉಜ್ಜಿ ಮಾಡಿದ ಪಿಕ್ (ತಂತಿ ಮೀಟೋ ಬಿಲ್ಲೆ) ಚೆನ್ನಾಗಿದೆ, ಸದ್ದು ಚುರುಕು. ತಂತಿ ಬೇಗ ಸವೆಯುತ್ತೇನೋ ಅಂತ ಅನುಮಾನ, ಅಷ್ಟೇ.

ಕೀಬೋರ್ಡಿನವನು ಮೊನ್ನೆ ಹತ್ತು ಸಾವಿರಕ್ಕೆ ಕೇಳಿದ. ಎರಡನೇ ತಂತಿಯ 15ನೇ ಫ್ರೆಟ್ ಇನ್ನೂ ಸ್ವಲ್ಪ ಝರ್ ಅನ್ನುತ್ತೆ ಅಂತ ಅವನಿಗೆ ಹೇಳಿಲ್ಲ.