ತಾರೀಖಿನ ಸಾಲಿನಲ್ಲಿ ಪಾಲ್ ಚೇಂಬರ್ಸ್: ನನ್ನ ಅನುಭವ

ಜಾಝ್ ಅನ್ನು ಆಲ್ಬಂ ಪ್ರಕಾರ ಕೇಳುವುದು ಬಿಟ್ಟು ರೆಕಾರ್ಡ್ ಆದ ತಾರೀಖಿನ ಪ್ರಕಾರ, ಅದೂ ಒಬ್ಬನೇ ಬಾಸ್ (ಕೆಳಸ್ವರದ ದೊಡ್ಡ ತಂತಿವಾದ್ಯ) ವಾದಕನ ಬೆನ್ನು ಹಿಡಿದು ಕೇಳುತ್ತೇನೆ ಅಂದಾಗ ಜೊತೆಯ ಕೇಳುಗರು ಒಪ್ಪಲಿಲ್ಲ. ಇದು ಗುಮಾಸ್ತಿಕೆ, ಸಂಗೀತ ಕೇಳುವ ರೀತಿಯಲ್ಲ ಅಂದರು. ಈಗ ಅವರಲ್ಲೇ ಕೆಲವರು ನನ್ನ ಪಟ್ಟಿ ಕೇಳಿ ಪಡೆದಿದ್ದಾರೆ. ಹಾಗಾಗಿ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಬಾಸ್ ವಾದಕ ಪಾಲ್ ಚೇಂಬರ್ಸ್. ಐವತ್ತರ ದಶಕದ ಕೊನೆಯ ಅರ್ಧದಲ್ಲಿ ನಿಮಗೆ ಇಷ್ಟವಾದ ಹತ್ತು ರೆಕಾರ್ಡು ತೆಗೆದರೆ ನಾಲ್ಕೈದರಲ್ಲಿ ಅವನೇ ಇರುತ್ತಾನೆ. ಸಾಲು ಕಡಿಯುವುದಿಲ್ಲ, ಅದೇ ಅನುಕೂಲ.

ಶುರು ಮಾಡಬೇಕಾದ್ದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ಕ್ವಿಂಟೆಟ್‌ನಿಂದ, ಅಂದರೆ ಐವರ ತಂಡದಿಂದ. ಪ್ರೆಸ್ಟೀಜ್ ಕಂಪನಿಯ ಆಲ್ಬಂಗಳಾದ ಕುಕಿನ್, ರಿಲ್ಯಾಕ್ಸಿನ್, ವರ್ಕಿನ್, ಸ್ಟೀಮಿನ್ ಬಿಡುಗಡೆಯಾಗುತ್ತ 1961 ಮುಟ್ಟಿದವು. ಆದರೆ ನಾಲ್ಕೂ ರೆಕಾರ್ಡ್ ಆದದ್ದು 1956ರ ಎರಡೇ ದಿನ, ಮೇ 11 ಮತ್ತು ಅಕ್ಟೋಬರ್ 26, ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ಅವರ ಹ್ಯಾಕೆನ್‌ಸ್ಯಾಕ್ ಸ್ಟುಡಿಯೋದಲ್ಲಿ. ಕುಕಿನ್ ಪೂರ್ತಿ ಅಕ್ಟೋಬರ್‌ನದು. ವರ್ಕಿನ್‌ನಿಂದ ಹಾಫ್ ನೆಲ್ಸನ್, ಸ್ಟೀಮಿನ್‌ನಿಂದ ವೆಲ್ ಯು ನೀಡಂಟ್ ಎತ್ತಿ ಅಕ್ಟೋಬರ್‌ಗೆ ಹಾಕಿ, ಉಳಿದದ್ದೆಲ್ಲ ಮೇ. ರಿಲ್ಯಾಕ್ಸಿನ್‌ನಲ್ಲಿ ತಿರುಗುಮುರುಗು: ಇಟ್ ಕುಡ್ ಹ್ಯಾಪನ್ ಟು ಯು, ವುಡಿನ್ ಯು ಎರಡು ಮಾತ್ರ ಮೇ. ಈ ಎರಡು ದಿನಗಳ ನಡುವೆ ಇದೇ ತಂಡ ಕೊಲಂಬಿಯಾ ಕಂಪನಿಗೆ ಮಾಡಿದ ರೌಂಡ್ ಅಬೌಟ್ ಮಿಡ್‌ನೈಟ್‌ನಿಂದ ಜೂನ್ 5, ಸೆಪ್ಟೆಂಬರ್ 10ರ ತುಂಡುಗಳು ಬರುತ್ತವೆ. ಅದೇ ರೆಕಾರ್ಡಿನ ಆಹ್-ಲ್ಯೂ-ಚಾ 1955ರ ಅಕ್ಟೋಬರ್ 26ರದು, ಸಾಲಿನಲ್ಲಿ ಎಲ್ಲಕ್ಕಿಂತ ಮುಂದೆ. ಅಂದರೆ ಅದೇ ಐವರು, ಸರಿಯಾಗಿ ಒಂದು ವರ್ಷದ ಅಂತರ. ಆಹ್-ಲ್ಯೂ-ಚಾ ಮುಗಿದ ಕೂಡಲೇ ಕುಕಿನ್‌ನ ಏರ್‌ಜಿನ್ ಹಾಕಿ ಕೇಳಿ. ಮೊದಲನೆಯದರಲ್ಲಿ ಇಪ್ಪತ್ತರ ಹುಡುಗ ಚೇಂಬರ್ಸ್ ವೇಗದ ಜೊತೆ ಓಡುತ್ತಿದ್ದಾನೆ, ಎರಡನೆಯದರಲ್ಲಿ ಓಟ ಅವನ ಕೈಯಲ್ಲಿದೆ. ಆಲ್ಬಂ ಹಿಡಿದು ಕೇಳಿದರೆ ಇದು ಕಿವಿಗೆ ಬೀಳುವುದಿಲ್ಲ.

ಅಕ್ಟೋಬರ್‌ನ ಸಾಲಿನಲ್ಲಿ ರಿಲ್ಯಾಕ್ಸಿನ್‌ನ ಓಲಿಯೋಗೆ ಬಂದಾಗ ಬೇರೆ ಕೆಲಸ ಬಿಟ್ಟು ಕೂರಬೇಕು. ಪಿಯಾನೊ, ಡ್ರಮ್ ಹಿಂದೆ ಸರಿದು ಟ್ರಂಪೆಟ್‌ಗೆ ಬಾಸ್ ಒಂದೇ ಆಸರೆಯಾಗಿ ಉಳಿಯುವ ಕಡೆಗಳಿವೆ. ಅದೇ ಆಲ್ಬಂನ ಇಫ್ ಐ ವರ್ ಎ ಬೆಲ್‌ನಲ್ಲಿ ಬಾರ್‌ಗೆ (ತಾಳದ ಒಂದು ಆವರ್ತಕ್ಕೆ) ಎರಡು ಸ್ವರ ಇಡುತ್ತಿದ್ದವನು ನಾಲ್ಕಕ್ಕೆ ದಾಟುವ ಜಾಗವನ್ನು ಬೆರಳೆಣಿಸಿ ಹಿಡಿಯಿರಿ. ಒಮ್ಮೆ ಸಿಕ್ಕರೆ ಇಡೀ ದಶಕದ ರೆಕಾರ್ಡುಗಳಲ್ಲಿ ಕಾಣುತ್ತದೆ.

ಫೈಲ್‌ಗಳನ್ನು ಜೋಡಿಸುವಾಗ ಕೈಕೊಡುವುದು ವರ್ಷದ ಟ್ಯಾಗ್. ಪ್ಲೇಯರ್ ಮರುಬಿಡುಗಡೆಯ ವರ್ಷ ಎತ್ತಿಕೊಂಡು 1957ರದನ್ನು 2006ರಲ್ಲಿ ಕೂರಿಸುತ್ತದೆ. ವರ್ಷ, ತಿಂಗಳು, ದಿನ ಇದೇ ಕ್ರಮದಲ್ಲಿ ಎಂಟಂಕಿ ಬರೆದು ಫೈಲ್ ಹೆಸರಿನ ಮುಂದೆಯೇ ಅಂಟಿಸಿದರೆ ಯಾವ ಪ್ಲೇಯರ್ ಆದರೂ ತಪ್ಪುವುದಿಲ್ಲ. ಆಲ್ಟರ್ನೇಟ್ ಟೇಕ್‌ಗಳನ್ನು (ಅದೇ ಹಾಡನ್ನು ಮತ್ತೆ ನುಡಿಸಿದ ಪ್ರತಿಗಳನ್ನು) ಬೇರೆ ಫೋಲ್ಡರ್‌ಗೆ ಹಾಕಿ. ಸಾಲಿನೊಳಗೆ ಬಿಟ್ಟರೆ ಒಂದೇ ರಾಗ ಮೂರು ಸಲ ಬಂದು ಕಿವಿ ದಣಿಯುತ್ತದೆ. ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್‌ನ ಜೈಂಟ್ ಸ್ಟೆಪ್ಸ್ ಅನ್ನು ಒಡೆಯಲೇಬೇಕು: ಉಳಿದದ್ದು 1959ರ ಮೇ, ಪಿಯಾನೊದ ಟಾಮಿ ಫ್ಲಾನಗನ್ ಮತ್ತು ಡ್ರಮ್‌ನ ಆರ್ಟ್ ಟೇಲರ್ ಜೊತೆ, ನೈಮಾ ಮಾತ್ರ ಡಿಸೆಂಬರ್ 2, ಪಿಯಾನೊದ ವಿಂಟನ್ ಕೆಲ್ಲಿ ಮತ್ತು ಡ್ರಮ್‌ನ ಜಿಮ್ಮಿ ಕಾಬ್ ಜೊತೆ. ಸೈಡ್ ಎರಡರಲ್ಲಿ ಗಾಳಿಯೇ ಬದಲಾದಂತೆ ಅನ್ನಿಸುವುದಕ್ಕೆ ಕಾರಣ ಅದೇ.

ಮೈಲ್ಸ್‌ನ ಕೈಂಡ್ ಆಫ್ ಬ್ಲೂ ಹೆಚ್ಚು ಸಮಯ ತಿಂದಿತು. ಸೈಡ್ ಒಂದರ ಮೂರೂ 1959ರ ಮಾರ್ಚ್ 2ರದು. ಅಂದು ಟೇಪ್ ಯಂತ್ರ ನಿಧಾನ ಓಡಿದ್ದರಿಂದ ಹಳೆಯ ಪ್ರೆಸ್ಸಿಂಗ್‌ಗಳಲ್ಲಿ (ಆಗ ಅಚ್ಚಾದ ತಟ್ಟೆಗಳಲ್ಲಿ) ವೇಗವೂ ಶ್ರುತಿಯೂ ಏರಿವೆ. ಏಪ್ರಿಲ್ 22ರ ಸೈಡ್ ಎರಡು ಸರಿಯಿದೆ, ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಮೊದಲು ಸ್ಟ್ರೋಬ್ ಡಿಸ್ಕ್ (ವೇಗ ಅಳೆಯುವ ಗೆರೆಗಳ ತಟ್ಟೆ) ಇಟ್ಟು ಟರ್ನ್‌ಟೇಬಲ್ ವೇಗ ನೋಡಿ, ಆಮೇಲೆ ರಿಪ್, ಅಂದರೆ ತಟ್ಟೆಯಿಂದ ಕಂಪ್ಯೂಟರ್ ಫೈಲ್‌ಗೆ ಇಳಿಸುವುದು. ಧ್ವನಿ ಎಡಿಟರ್‌ನಲ್ಲಿ ಬದಲಿಸಬೇಕಾದ್ದು ಸ್ಪೀಡ್. ಪಿಚ್ ಒಂದನ್ನೇ ಇಳಿಸಿದರೆ ಓಟ ಹಾಗೇ ಉಳಿಯುತ್ತದೆ, ಸಿಂಬಲ್ ಮಸುಕಾಗುತ್ತದೆ. ನನ್ನ ಪ್ರತಿಗೆ ಶೇಕಡಾ ಒಂದೂಕಾಲರ ಆಸುಪಾಸು ಇಳಿಸಿದರೆ ಎರಡು ಸೈಡ್‌ಗಳ ಪಿಯಾನೊ ಕೂಡಿಕೊಂಡವು. ಎಚ್ಚರಿಕೆ: 1997ರ ಮರುಬಿಡುಗಡೆಯಲ್ಲಿ ಈ ತಿದ್ದುಪಡಿ ಆಗಿಯೇ ಇದೆ. ಅದನ್ನು ಮತ್ತೆ ತಿದ್ದಿದರೆ ಸೈಡ್ ಒಂದರ ಸೋ ವಾಟ್ ಜೋತುಬೀಳುತ್ತದೆ.

ಇನ್ನು ಮೋನೊ, ಅಂದರೆ ಒಂದೇ ಚಾನೆಲ್‌ನ ಧ್ವನಿ. 1956ರ ಆ ಸೆಷನ್‌ಗಳೆಲ್ಲ ಮೋನೊ. ಮೋನೊ ಗ್ರೂವ್‌ನಲ್ಲಿ (ತಟ್ಟೆಯ ಗೀರಿನಲ್ಲಿ) ಸಂಗೀತ ಇರುವುದು ಅಡ್ಡ ಚಲನೆಯಲ್ಲಿ ಮಾತ್ರ. ಸ್ಟೀರಿಯೊ ಕಾರ್ಟ್ರಿಜ್ (ಮುಳ್ಳನ್ನು ಹಿಡಿದಿರುವ, ಗೀರನ್ನು ಓದುವ ಭಾಗ) ಮೇಲೆ-ಕೆಳಗಿನ ಚಲನೆಯನ್ನೂ ಓದುತ್ತದೆ, ಅದೆಲ್ಲ ಬರೀ ಗದ್ದಲ. ಎಡ ಬಲ ಕೂಡಿಸಿದರೆ ಅದು ಅಳಿಯುತ್ತದೆ, ಆದರೆ ಎರಡರ ಮಟ್ಟ ಸಮ ಇದ್ದರೆ ಮಾತ್ರ. ಎಡಿಟರ್‌ನಲ್ಲಿ ಒಂದು ಚಾನೆಲ್‌ನ ಫೇಸ್ ತಿರುಗಿಸಿ (ಅಲೆಯನ್ನು ತಲೆಕೆಳಗು ಮಾಡಿ) ಕೂಡಿಸಿ, ಸಂಗೀತ ಹೆಚ್ಚುಕಡಿಮೆ ಮಾಯವಾಗುವವರೆಗೆ ಇನ್ನೊಂದರ ಗೇನ್ (ಧ್ವನಿಮಟ್ಟ) ಅನ್ನು 0.1 ಡೆಸಿಬೆಲ್‌ನಂತೆ ಸರಿಸಿ. ಸಿಂಬಲ್ ಮಾತ್ರ ಉಳಿದರೆ ಕಾರ್ಟ್ರಿಜ್ ವಾಲಿರಬಹುದು, ಅಜಿಮತ್ (ಅದರ ಪಕ್ಕದ ಓರೆ) ನೋಡಿ. ಆಮೇಲೆ ಫೇಸ್ ಮೊದಲಿನಂತೆ ಮಾಡಿ, ಎರಡನ್ನೂ 6 ಡೆಸಿಬೆಲ್ ಇಳಿಸಿ ಕೂಡಿಸಿ. ಚಟಪಟ ಸದ್ದು ಕಿವಿಗೆ ಗೊತ್ತಾಗುವಷ್ಟು ಕಡಿಮೆಯಾಗುತ್ತದೆ. ಬಾಸ್ ಗೆರೆ ಗೊಂದಲವಿಲ್ಲದೆ ನಡುವೆ ನಿಲ್ಲುತ್ತದೆ.

ಈಕ್ವಲೈಜರ್‌ನಲ್ಲಿ 80 ಹರ್ಟ್ಜ್ ಎತ್ತುವುದು ಎಲ್ಲರೂ ಮಾಡುವ ಪ್ರಯೋಗ. ಬಾಸ್‌ಗಿಂತ ಮೊದಲು ಟರ್ನ್‌ಟೇಬಲ್‌ನ ಗುಡುಗು ಏಳುತ್ತದೆ. ಬೆರಳು ತಂತಿ ಬಿಡುವ ಸದ್ದು 700ರಿಂದ 900ರ ನಡುವೆ ಇದೆ, ಅಲ್ಲಿ 2–3 ಡೆಸಿಬೆಲ್ ಸಾಕು. ಇದರ ಜೊತೆ ಕೂರುವ ಇನ್ನೊಂದು ಫಿಲ್ಟರ್ ನನ್ನಲ್ಲಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಹೆಚ್ಚು ಖುಷಿ ಕೊಟ್ಟ ಅಡ್ಡಪ್ರಯೋಗ 1957ರ ಜನವರಿ 19ರ ಆರ್ಟ್ ಪೆಪರ್ ಮೀಟ್ಸ್ ದ ರಿದಂ ಸೆಕ್ಷನ್‌ನದು. ಸ್ಟೀರಿಯೊ ಪ್ರತಿಯಲ್ಲಿ ಪೆಪರ್‌ನ ಆಲ್ಟೊ ಸ್ಯಾಕ್ಸೊಫೋನ್ ಒಂದು ಕಡೆ, ರಿದಂ (ಪಿಯಾನೊ, ಬಾಸ್, ಡ್ರಮ್) ಇನ್ನೊಂದು ಕಡೆ. ಆಲ್ಟೊ ಇರುವ ಚಾನೆಲ್ ಮುಚ್ಚಿದರೆ ರೆಡ್ ಗಾರ್ಲಂಡ್, ಚೇಂಬರ್ಸ್, ಫಿಲ್ಲಿ ಜೋ ಜೋನ್ಸ್ ಮೂವರೇ ಎದುರಿಗೆ, ಹಿಂದೆ ದೂರದಲ್ಲಿ ಸ್ಯಾಕ್ಸೊಫೋನ್‌ನ ನೆರಳು. ಬಾಸ್ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಹಣದ ವಿಚಾರ. ಮೊದಲ ಪ್ರೆಸ್ಸಿಂಗ್ ಹಿಂದೆ ಹೋದರೆ ಒಂದರ ದುಡ್ಡಿಗೆ ಮರುಬಿಡುಗಡೆಗಳು ಎಂಟು ಹತ್ತು ಬರುತ್ತವೆ. ಲೇಬಲ್ ಮೇಲೆ ಪ್ರೆಸ್ಟೀಜ್‌ನ ಹಳೆಯ 446 ವೆಸ್ಟ್ 50ನೇ ಬೀದಿಯ ವಿಳಾಸ, ಡೆಡ್‌ವ್ಯಾಕ್ಸ್‌ನಲ್ಲಿ (ಲೇಬಲ್ ಸುತ್ತಲಿನ ಖಾಲಿ ಪಟ್ಟಿಯಲ್ಲಿ) ವ್ಯಾನ್ ಗೆಲ್ಡರ್‌ನ ಆರ್‌ವಿಜಿ ಮುದ್ರೆ ಎರಡೂ ಇರುವ, ಮಿರಮಿರ ಮಿಂಚುವ ಪ್ರತಿಯೂ ಹಳೆಯ ಪ್ಲೇಯರ್‌ಗಳ ಭಾರದ ಆರ್ಮ್‌ಗಳ ಕೆಳಗೆ ಸವೆದಿರುತ್ತದೆ. ಕುಕಿನ್‌ನ ಬ್ಲೂಸ್ ಬೈ ಫೈವ್ ಸೈಡ್‌ನ ಒಳಅಂಚಿನಲ್ಲಿದೆ, ಟ್ರಂಪೆಟ್ ಏರಿದಲ್ಲಿ ಕರಕರ ಅಂದರೆ ಯಾವ ತೊಳೆತವೂ ಅದನ್ನು ಸರಿಮಾಡದು. ಕೊಳ್ಳುವ ಮುನ್ನ ಕೊನೆಯ ಹಾಡನ್ನೇ ಹಾಕಿಸಿ ಕೇಳಿ. ಉಳಿದ ದುಡ್ಡು ಮೋನೊ ತಟ್ಟೆಗೆ ಹೊಂದುವ 1 ಮಿಲ್‌ನ (ಇಂಚಿನ ಸಾವಿರದ ಒಂದು ಭಾಗ) ಕೋನಿಕಲ್ ಸ್ಟೈಲಸ್‌ಗೆ, ಅಂದರೆ ಶಂಕುವಿನ ತುದಿಯ ಮುಳ್ಳಿಗೆ, ಹಾಕಿದ್ದು ಹೆಚ್ಚು ಫಲ ಕೊಟ್ಟಿತು.

ಈ ವಿಧಾನ ಎಲ್ಲಕ್ಕೂ ಅಲ್ಲ. ಕೋಲ್ಟ್ರೇನ್‌ನ ಎ ಲವ್ ಸುಪ್ರೀಮ್‌ನಂತೆ ನಾಲ್ಕು ಭಾಗವೂ ಒಂದೇ ಕಟ್ಟಡವಾಗಿ ನಿಂತಿರುವುದನ್ನು ಒಡೆಯುವ ಹಾಗಿಲ್ಲ. ಸದ್ಯ ಸಾಲು 1958ರ ಜನವರಿ 5ಕ್ಕೆ ಬಂದಿದೆ, ಪಿಯಾನೊ ವಾದಕ ಸೋನಿ ಕ್ಲಾರ್ಕ್‌ನ ಕೂಲ್ ಸ್ಟ್ರಟಿನ್. ಅದರ ಹಿಂದೆ ಕೋಲ್ಟ್ರೇನ್‌ನ 1957ರ ಸೆಪ್ಟೆಂಬರ್ 15ರ ಬ್ಲೂ ಟ್ರೇನ್ ಇಟ್ಟು ಎರಡರ ಶೀರ್ಷಿಕೆ ಹಾಡುಗಳನ್ನು ಒಂದರ ಬೆನ್ನಿಗೆ ಒಂದು ಕೇಳುತ್ತಿದ್ದೇನೆ. ಎರಡೂ ಬ್ಲೂಸ್, ಡ್ರಮ್‌ನಲ್ಲಿ ಎರಡಕ್ಕೂ ಫಿಲ್ಲಿ ಜೋ. ಆದರೂ ಚೇಂಬರ್ಸ್ ಹೆಜ್ಜೆ ಇಡುವ ಭಾರ ಬೇರೆಬೇರೆ.