ಬ್ಲೇಡನ್ನು ಬೈಯುವ ಮುನ್ನ ಫೈಲ್ ತೆರೆದು ನೋಡಿ

ಡೌನ್‌ಲೋಡ್ ಮಾಡಿದ ವಿನ್ಯಾಸವನ್ನು ಹಾಗೇ ಕಟಿಂಗ್ ಮೆಷಿನ್ನಿಗೆ (ಕಂಪ್ಯೂಟರಿನ ಚಿತ್ರದಂತೆ ಕಾಗದ, ವಿನೈಲ್ ಎಂಬ ತೆಳು ಪ್ಲಾಸ್ಟಿಕ್ ಹಾಳೆಗಳನ್ನು ಬ್ಲೇಡಿನಿಂದ ಕತ್ತರಿಸುವ ಯಂತ್ರ) ಒಪ್ಪಿಸಿ, ಹಾಳೆ ಚಿಂದಿಯಾದ ಮೇಲೆ ಬ್ಲೇಡನ್ನು ಬೈಯುವವರೇ ಹೆಚ್ಚು. ಹೊಸ ಬ್ಲೇಡ್ ತರಿಸುತ್ತಾರೆ, ಒತ್ತಡ ಏರಿಸುತ್ತಾರೆ, ಹಾಳೆ ಅಂಟಿಸುವ ಮ್ಯಾಟ್ ತೊಳೆಯುತ್ತಾರೆ. ಫೈಲಿನೊಳಗೆ ಏನಿದೆ ಎಂದು ಮಾತ್ರ ನೋಡುವುದಿಲ್ಲ. ಹತ್ತರಲ್ಲಿ ಎಂಟು ಸಲ ತಪ್ಪಿರುವುದು ಅಲ್ಲೇ.

ಹಂತ 1: ಜಿಪ್ ಬಿಡಿಸಿ, ಮೂಲ ಫೈಲಿನ ಒಂದು ಪ್ರತಿಯನ್ನು ಬೇರೆ ಫೋಲ್ಡರಿನಲ್ಲಿಡಿ.

ಹಂತ 2: ಸರಿಯಾದ ಫೈಲ್ ಆರಿಸಿ. ಒಂದೇ ವಿನ್ಯಾಸ ಎಸ್‌ವಿಜಿ, ಡಿಎಕ್ಸ್‌ಎಫ್, ಪಿಎನ್‌ಜಿ ಎಂದು ಮೂರ್ನಾಲ್ಕು ರೂಪಗಳಲ್ಲಿ ಬಂದಿರುತ್ತದೆ. ಎಸ್‌ವಿಜಿ, ಡಿಎಕ್ಸ್‌ಎಫ್ ಚಿತ್ರವನ್ನು ಗೆರೆಗಳಾಗಿ ಹಿಡಿದಿಡುತ್ತವೆ, ಪಿಎನ್‌ಜಿ ಫೋಟೊದಂತೆ ಬರೀ ಚುಕ್ಕಿಗಳಾಗಿ. ಎಸ್‌ವಿಜಿ ಇದ್ದರೆ ಬೇರೆ ಯೋಚನೆಯೇ ಬೇಡ. ಸಿಲುಯೆಟ್ ಮೆಷಿನ್ನುಗಳ ತಂತ್ರಾಂಶವಾದ ಸಿಲುಯೆಟ್ ಸ್ಟುಡಿಯೋದ ಉಚಿತ ಆವೃತ್ತಿ ಮಾತ್ರ ಎಸ್‌ವಿಜಿ ತೆರೆಯುವುದಿಲ್ಲ, ಅಲ್ಲಿ ಡಿಎಕ್ಸ್‌ಎಫ್ ಬಳಸಿ. ಎಸ್‌ವಿಜಿ ಎಂಬ ಹೆಸರು ಹೊತ್ತು ಒಳಗೆ ಬರೀ ಫೋಟೊ ಅಂಟಿಸಿದ ಫೈಲುಗಳೂ ಮಾರಾಟಕ್ಕಿವೆ. ಚೆನ್ನಾಗಿ ಝೂಮ್ ಮಾಡಿ. ಅಂಚು ಮೆಟ್ಟಿಲುಮೆಟ್ಟಿಲಾಗಿ ಕಂಡರೆ ಹಣ ವಾಪಸ್ ಕೇಳಿ.

ಹಂತ 3: ಗೆರೆ ಶುಚಿಗೊಳಿಸಿ. ಅವಸರ ಮಾಡಬಾರದ ಹಂತ ಇದೊಂದೇ. ಮೆಷಿನ್ ಜೊತೆ ಬರುವ ತಂತ್ರಾಂಶದಲ್ಲಿ ಇದನ್ನು ಮಾಡಹೋಗಬೇಡಿ. ಉಚಿತವಾಗಿ ಸಿಗುವ ಚಿತ್ರ ಬರೆಯುವ ತಂತ್ರಾಂಶ ಇಂಕ್‌ಸ್ಕೇಪ್ ಸಾಕು, ಅದೇ ಉತ್ತಮ ಕೂಡ.

ಫೈಲ್ ತೆರೆದು ‘ವ್ಯೂ’ ಮೆನುವಿನ ‘ಡಿಸ್‌ಪ್ಲೇ ಮೋಡ್’ನಲ್ಲಿ ‘ಔಟ್‌ಲೈನ್’ ಆರಿಸಿ. ಬಣ್ಣವೆಲ್ಲ ಮಾಯವಾಗಿ ಬರೀ ಗೆರೆ ಉಳಿಯುತ್ತದೆ. ಬ್ಲೇಡ್ ಓಡುವುದು ಈ ಗೆರೆಗಳ ಮೇಲೆ. ಬಣ್ಣದಲ್ಲಿ ಒಂದೇ ಹೂವಿನಂತೆ ಕಂಡದ್ದು ಇಲ್ಲಿ ಒಂದರ ಮೇಲೊಂದು ಹೇರಿದ ಐದು ಎಸಳುಗಳಾಗಿರಬಹುದು. ಹಾಗೇ ಕೊಟ್ಟರೆ ಎಸಳು ಕೂಡುವ ಜಾಗದಲ್ಲೆಲ್ಲ ಅಡ್ಡ ಕತ್ತರಿಸಿಹೋಗುತ್ತದೆ. ಎಲ್ಲವನ್ನೂ ಆಯ್ದು ‘ಪಾತ್’ ಮೆನುವಿನ ‘ಯೂನಿಯನ್’ ಕೊಡಿ. ಬೇರೆ ಬೇರೆ ಬಣ್ಣದ ಪದರಗಳಿದ್ದರೆ ಒಂದೊಂದು ಬಣ್ಣಕ್ಕೂ ಪ್ರತ್ಯೇಕವಾಗಿ ಮಾಡಿ, ಇಲ್ಲವಾದರೆ ಎಲ್ಲ ಕಲಸಿ ಒಂದೇ ಮುದ್ದೆಯಾಗುತ್ತದೆ.

ಇನ್ನೊಂದು ಕಾಟ ಜೋಡಿ ಗೆರೆ. ಚಿತ್ರವನ್ನು ‘ಟ್ರೇಸ್’ ಮಾಡಿದಾಗ, ಅಂದರೆ ತಂತ್ರಾಂಶದಿಂದ ಗೆರೆಗಳಾಗಿ ಬದಲಿಸಿದಾಗ, ತೆಳು ಗೆರೆಯ ಎರಡು ಬದಿಗಳೂ ಬೇರೆ ಬೇರೆ ಗೆರೆಗಳಾಗುತ್ತವೆ. ಬ್ಲೇಡ್ ಎರಡನ್ನೂ ಕತ್ತರಿಸುತ್ತದೆ, ನಡುವೆ ನೂಲಿನಷ್ಟು ತೆಳುವಾದ ಪಟ್ಟಿ ಎದ್ದು ಬ್ಲೇಡಿಗೇ ಸುತ್ತಿಕೊಳ್ಳುತ್ತದೆ. ‘ಬ್ರೇಕ್ ಅಪಾರ್ಟ್’ ಕೊಟ್ಟು ಒಳಗಿನ ಗೆರೆಯನ್ನು ಅಳಿಸಿ. ನೀವೇ ಟ್ರೇಸ್ ಮಾಡುವುದಾದರೆ ‘ಎಡ್ಜ್ ಡಿಟೆಕ್ಷನ್’ ಬಿಟ್ಟು ‘ಬ್ರೈಟ್‌ನೆಸ್ ಕಟ್‌ಆಫ್’ ಆರಿಸಿ. ಈ ತಲೆನೋವು ಬಹುಪಾಲು ತಪ್ಪುತ್ತದೆ. ಒಂದೇ ಕ್ಲಿಕ್ಕಿನಲ್ಲಿ ಫೋಟೊವನ್ನು ಎಸ್‌ವಿಜಿ ಮಾಡಿಕೊಡುವ ಆನ್‌ಲೈನ್ ಸೇವೆಗಳ ಮಾತು ಬೇಡ. ಕ್ಲಿಕ್ಕಿನಲ್ಲಿ ಉಳಿದ ಸಮಯ ಕಸ ಹೆಕ್ಕುವುದರಲ್ಲಿ ಹೋಗುತ್ತದೆ.

ಆಮೇಲೆ ‘ಎನ್’ ಒತ್ತಿ ಗೆರೆಯನ್ನು ಹಿಡಿದಿಡುವ ಬಿಂದುಗಳನ್ನು ನೋಡಿ. ನುಣುಪಾದ ವೃತ್ತಕ್ಕೆ ನಾಲ್ಕು ಬಿಂದು ಸಾಕು. ನೂರಿನ್ನೂರು ಇದ್ದರೆ ಮೆಷಿನ್ ತಡವರಿಸುತ್ತದೆ, ತಿರುವುಗಳಲ್ಲಿ ಕಾಗದ ಹರಿಯುತ್ತದೆ. ‘ಸಿಂಪ್ಲಿಫೈ’ ಒತ್ತಿ, ಅಂದರೆ ಕಂಟ್ರೋಲ್ ಮತ್ತು ಎಲ್. ಬೆನ್ನುಬೆನ್ನಿಗೆ ಒತ್ತಿದರೆ ಅದು ಪ್ರತಿಸಲ ಹೆಚ್ಚು ಒರಟಾಗಿ ಸವರುತ್ತದೆ, ಚೂಪು ಮೂಲೆಗಳು ಕರಗುತ್ತವೆ. ಒಮ್ಮೆ ಒತ್ತಿ, ನೋಡಿ, ಬೇಕಿದ್ದರಷ್ಟೇ ಮತ್ತೊಮ್ಮೆ.

ಕೊನೆಗೆ ಮಾಮೂಲಿ ನೋಟಕ್ಕೆ ಮರಳಿ ಎಲ್ಲಕ್ಕೂ ಕಪ್ಪು ಬಣ್ಣ ತುಂಬಿ, ಅಂಚುಗೆರೆ ತೆಗೆದುಹಾಕಿ. ಕಪ್ಪಾಗಿರುವುದು ಉಳಿಯುವ ಭಾಗ, ಬಿಳಿಯದು ಕಳಚಿ ಹೋಗುವ ಭಾಗ.

ಹಂತ 4: ಅಕ್ಷರಗಳನ್ನು ಆಕಾರವಾಗಿಸಿ. ‘ಆಬ್ಜೆಕ್ಟ್ ಟು ಪಾತ್’ ಕೊಡದಿದ್ದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅಕ್ಷರವೇ ಬದಲಾಗುತ್ತದೆ. ಕನ್ನಡಕ್ಕೆ ಇನ್ನೂ ಎಚ್ಚರ ಬೇಕು. ಒತ್ತಕ್ಷರ ಎಷ್ಟೋ ಫಾಂಟುಗಳಲ್ಲಿ ಮೇಲಿನ ಅಕ್ಷರಕ್ಕೆ ತಾಗಿರುವುದೇ ಇಲ್ಲ. ‘ಅಮ್ಮ’ ಎಂದು ಒಂದೇ ತುಂಡಾಗಿ ಕತ್ತರಿಸಹೊರಟರೆ ಕೆಳಗಿನ ಒತ್ತು ಉದುರಿಹೋಗುತ್ತದೆ. ಅದನ್ನು ತುಸು ಮೇಲೆಳೆದು ತಾಗಿಸಿ, ಯೂನಿಯನ್ ಮಾಡಿ. ಅಕ್ಷರವನ್ನೇ ತೂತಾಗಿ ಕತ್ತರಿಸಿ ಅದರ ಮೂಲಕ ಬಣ್ಣ ಬಳಿಯುವ ಸ್ಟೆನ್ಸಿಲ್ ಆದರೆ ಕಥೆ ತಿರುವುಮುರುವು: ‘ಠ’ದ ನಡುವಿನ ಚುಕ್ಕಿ, ಸುತ್ತಲಿನ ಬಿಳಿ ಎರಡೂ ಸೇರಿ ದೊಡ್ಡ ತೂತಾದೀತು. ಒಳಭಾಗವನ್ನು ಹಿಡಿದಿಡಲು ಒಂದೆರಡು ಕಡೆ ಎರಡು ಮಿಲಿಮೀಟರ್ ಅಗಲದ ಸೇತುವೆ ಬಿಡಿ.

ಹಂತ 5: ಅಳತೆ ನೋಡಿ. ಇಲಸ್ಟ್ರೇಟರ್ ಎಂಬ ಇನ್ನೊಂದು ಚಿತ್ರ ಬರೆಯುವ ತಂತ್ರಾಂಶ ಇಂಚಿಗೆ 72 ಪಿಕ್ಸೆಲ್ ಎಣಿಸಿದರೆ ಇಂಕ್‌ಸ್ಕೇಪ್ 96 ಎಣಿಸುತ್ತದೆ. ಹಾಗಾಗಿ ಅಲ್ಲಿ 4 ಇಂಚಿನದಾಗಿ ಬರೆದದ್ದು ಇಲ್ಲಿ 3 ಇಂಚಾಗಿ ತೆರೆದುಕೊಳ್ಳಬಹುದು. ಅಗಲವನ್ನು ಕೈಯಾರೆ ಟೈಪ್ ಮಾಡಿ, ಪಕ್ಕದ ಬೀಗದ ಗುರುತು ಒತ್ತಿರಲಿ, ಎತ್ತರವೂ ಅದೇ ಪ್ರಮಾಣದಲ್ಲಿ ಬದಲಾಗುತ್ತದೆ.

ಹಂತ 6: ‘ಪ್ಲೇನ್ ಎಸ್‌ವಿಜಿ’ ಆಗಿ (ಸಿಲುಯೆಟ್‌ನ ಉಚಿತ ಆವೃತ್ತಿಗಾದರೆ ಡಿಎಕ್ಸ್‌ಎಫ್ ಆಗಿ) ಉಳಿಸಿ, ಮೆಷಿನ್ನಿನ ತಂತ್ರಾಂಶಕ್ಕೆ ಅಪ್‌ಲೋಡ್ ಮಾಡಿ.

ಬಟ್ಟೆಗೆ ಇಸ್ತ್ರಿ ಹಾಕಿ ಅಂಟಿಸುವ ವಿನೈಲ್ ಆದರೆ ‘ಮಿರರ್’ ಒತ್ತಬೇಕು, ಸ್ಟಿಕರ್ ವಿನೈಲಿಗೆ ಬೇಡ. ಕ್ರಿಕಟ್ ಕಂಪನಿಯ ಮೆಷಿನ್ ಬಳಸುವವರ ಬಿಡಿ ಅಕ್ಷರಗಳು ಮ್ಯಾಟಿನ ಮೇಲೆ ದಿಕ್ಕಾಪಾಲಾಗಿ ಕೂತರೆ ಫೈಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಹಾಳೆ ಉಳಿಸಲೆಂದು ತಂತ್ರಾಂಶವೇ ಹಾಗೆ ಜೋಡಿಸುತ್ತದೆ. ಹಿಂದಿನ ಪರದೆಗೆ ಹೋಗಿ, ಎಲ್ಲವನ್ನೂ ಆಯ್ದು ‘ಅಟ್ಯಾಚ್’ ಒತ್ತಿದರೆ ಇಟ್ಟಲ್ಲೇ ಕತ್ತರಿಸುತ್ತದೆ.